ಸಸ್ಯತ್ಯಾಜ್ಯದಿಂದ ಸಕ್ಕರೆ: ಪೂರ್ವಸಂಸ್ಕರಣೆಯ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಮತ್ತು ರವದಿ, ಮೆಕ್ಕೆಜೋಳದ ದಂಟು, ಹತ್ತಿ ಕಟ್ಟಿಗೆ ಮುಂತಾದ ಕೃಷಿ ಉಳಿಕೆಗಳಿಂದ ಎಥನಾಲ್ ಹಾಗೂ ಇತರೆ ಉತ್ಪನ್ನಗಳನ್ನು ತಯಾರಿಸುವ ಘಟಕಗಳನ್ನು ಸ್ಥಾಪಿಸಲು ಅಥವಾ ಅಂತಹ ಘಟಕಗಳಿಗೆ ಕಚ್ಚಾವಸ್ತು ಪೂರೈಸಲು ಇಚ್ಛಿಸುವ ರೈತರು, ರೈತ ಉತ್ಪಾದಕ ಸಂಸ್ಥೆಗಳು, ಸಹಕಾರ ಸಂಘಗಳು ಮತ್ತು ಉದ್ಯಮಿಗಳು ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ತಾಂತ್ರಿಕ ವಿಷಯವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಹುಲ್ಲಿನಿಂದ ಎಥನಾಲ್ ತಯಾರಿಸುವುದೆಂದರೆ ಹುದುಗಿಸಿ ಬಟ್ಟಿ ಇಳಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಈ ಎರಡೂ ಹಂತಗಳು ಕಾಕಂಬಿಯಿಂದ ಮದ್ಯಸಾರ ತಯಾರಿಸುವ ಕಾರ್ಖಾನೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವಂತಹವು. ಅವುಗಳಲ್ಲಿ ತೊಡಕು ಕಡಿಮೆ. ಯೋಜನೆಯ ಲಾಭನಷ್ಟ ನಿರ್ಧಾರವಾಗುವುದು ಅದಕ್ಕೂ ಮುಂಚಿನ ಹಂತದಲ್ಲಿ, ಅಂದರೆ ಹುಲ್ಲಿನ ಗಟ್ಟಿ ರಚನೆಯನ್ನು ಸಡಿಲಗೊಳಿಸಿ ಅದರೊಳಗಿನ ಸಕ್ಕರೆ ಅಂಶವು ಕಿಣ್ವಗಳಿಗೆ ಎಟುಕುವಂತೆ ಮಾಡುವ ಪೂರ್ವಸಂಸ್ಕರಣೆಯಲ್ಲಿ. ಅರ್ಜಿಯೊಂದಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಈ ಹಂತಕ್ಕೆ ಒಂದೆರಡು ಸಾಲು ಮಾತ್ರ ಮೀಸಲಿಟ್ಟಿದ್ದಲ್ಲಿ ವರದಿಯ ಉಳಿದ ಲೆಕ್ಕಾಚಾರಕ್ಕೆ ಆಧಾರವಿರುವುದಿಲ್ಲ.

ಹುಲ್ಲಿನಲ್ಲಿ ಸಕ್ಕರೆ ಇರುವ ಬಗೆ

ಇಲ್ಲಿ ಸಕ್ಕರೆ ಎಂದರೆ ಅಡುಗೆಮನೆಯಲ್ಲಿ ಬಳಸುವ ಸಕ್ಕರೆಯಲ್ಲ. ಗ್ಲೂಕೋಸ್, ಕ್ಸೈಲೋಸ್ ಮುಂತಾದ ಸರಳ ಸಕ್ಕರೆಗಳು. ಅಕ್ಕಿಯಲ್ಲಿರುವ ಪಿಷ್ಟ ಮತ್ತು ಹುಲ್ಲಿನಲ್ಲಿರುವ ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಕಣಗಳ ಸರಪಳಿಗಳೇ ಆಗಿವೆ. ವ್ಯತ್ಯಾಸವಿರುವುದು ಕೊಂಡಿಗಳ ಜೋಡಣೆಯಲ್ಲಿ. ಪಿಷ್ಟದ ಕೊಂಡಿಗಳು ಸುಲಭವಾಗಿ ಕಳಚುತ್ತವೆ. ರಾಗಿಯನ್ನು ಮೊಳಕೆ ಕಟ್ಟಿದಾಗ ಅದು ಸಿಹಿಯಾಗುವುದೂ, ಅನ್ನವನ್ನು ಬಹಳ ಹೊತ್ತು ಅಗಿದಾಗ ಬಾಯಿ ಸಿಹಿಯಾಗುವುದೂ ಇದೇ ಕಾರಣದಿಂದ. ಸೆಲ್ಯುಲೋಸ್‌ನ ಸರಪಳಿಗಳಾದರೋ ನೇರವಾಗಿ ಒಂದರ ಪಕ್ಕ ಒಂದು ಒತ್ತಾಗಿ ಕುಳಿತು ಹರಳಿನಂತಹ ಬಿಗಿಯಾದ ಕಟ್ಟುಗಳಾಗಿರುತ್ತವೆ. ಅವುಗಳ ನಡುವೆ ನೀರು ಸಹ ಸುಲಭವಾಗಿ ಪ್ರವೇಶಿಸಲಾರದು.

ಈ ಕಟ್ಟುಗಳ ಸುತ್ತ ಹೆಮಿಸೆಲ್ಯುಲೋಸ್ ಎಂಬ ಮತ್ತೊಂದು ಪದಾರ್ಥ ಹೆಣೆದುಕೊಂಡಿದ್ದು, ಅದರಲ್ಲಿ ಮುಖ್ಯವಾಗಿ ಕ್ಸೈಲೋಸ್ ಸಕ್ಕರೆ ಇರುತ್ತದೆ. ಇವೆರಡನ್ನೂ ಲಿಗ್ನಿನ್ ಎಂಬ ಗಟ್ಟಿ ಅಂಟು ಹಿಡಿದಿಟ್ಟಿರುತ್ತದೆ. ಲಿಗ್ನಿನ್ ಸಕ್ಕರೆಯಲ್ಲ, ಗಿಡವು ನೆಟ್ಟಗೆ ನಿಲ್ಲಲು ಹಾಗೂ ಕ್ರಿಮಿಗಳ ದಾಳಿಯಿಂದ ರಕ್ಷಣೆ ಪಡೆಯಲು ಪ್ರಕೃತಿ ಒದಗಿಸಿದ ಗಾರೆ ಎನ್ನಬಹುದು. ಒಣ ಕೃಷಿ ಉಳಿಕೆಯಲ್ಲಿ ಸ್ಥೂಲವಾಗಿ ಶೇ. 35 ರಿಂದ 45 ರಷ್ಟು ಸೆಲ್ಯುಲೋಸ್, ಶೇ. 20 ರಿಂದ 30 ರಷ್ಟು ಹೆಮಿಸೆಲ್ಯುಲೋಸ್, ಶೇ. 10 ರಿಂದ 25 ರಷ್ಟು ಲಿಗ್ನಿನ್ ಇರುತ್ತದೆ. ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಕಡಿಮೆ, ಆದರೆ ಶೇ. 12 ರಿಂದ 18 ರಷ್ಟು ಬೂದಿಯ ಅಂಶವಿದ್ದು ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯ ಪದಾರ್ಥ. ಹತ್ತಿ ಕಟ್ಟಿಗೆ ಮರದಂತೆ ಲಿಗ್ನಿನ್ ಹೆಚ್ಚಿರುವ ವಸ್ತು. ಆದ್ದರಿಂದ ಒಂದು ಉಳಿಕೆಗೆ ಹೊಂದುವ ವಿಧಾನವನ್ನು ಮತ್ತೊಂದಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಪೂರ್ವಸಂಸ್ಕರಣೆಯ ಅವಶ್ಯಕತೆ

ಸೆಲ್ಯುಲೋಸ್ ಅನ್ನು ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳು ಇಂದು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಬಹುಪಾಲು ಟ್ರೈಕೊಡರ್ಮಾ ರೀಸೈ ಎಂಬ ಶಿಲೀಂಧ್ರದಿಂದ ಬಂದವು. ರೈತರಿಗೆ ಜೈವಿಕ ಶಿಲೀಂಧ್ರನಾಶಕವೆಂದು ಪರಿಚಿತವಾಗಿರುವ ಟ್ರೈಕೊಡರ್ಮಾದ ಹತ್ತಿರದ ಬಳಗವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಸಾಮಗ್ರಿಗಳು ಕೊಳೆತು ಹಾಳಾಗುತ್ತಿದ್ದುದರ ಕಾರಣವನ್ನು ಹುಡುಕಿದಾಗ ಇದು ಪತ್ತೆಯಾಯಿತು. ಹತ್ತಿ ಬಹುತೇಕ ಶುದ್ಧ ಸೆಲ್ಯುಲೋಸ್ ಆದುದರಿಂದ ಶಿಲೀಂಧ್ರಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ.

ಹುಲ್ಲಿನ ಸ್ಥಿತಿ ಹಾಗಲ್ಲ. ಕತ್ತರಿಸಿದ ಹುಲ್ಲಿಗೆ ಅದೇ ಕಿಣ್ವವನ್ನು ನೇರವಾಗಿ ಬೆರೆಸಿದರೆ ಒಳಗಿರುವ ಸೆಲ್ಯುಲೋಸ್‌ನಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಭಾಗವೂ ಸಕ್ಕರೆಯಾಗಿ ಪರಿವರ್ತನೆಯಾಗುವುದಿಲ್ಲ. ಸರಿಯಾದ ಪೂರ್ವಸಂಸ್ಕರಣೆಯ ನಂತರ ಈ ಪ್ರಮಾಣವು ಶೇ. 80 ಕ್ಕೂ ಮೇಲ್ಪಡುತ್ತದೆ. ಗ್ರಾಮಗಳಲ್ಲಿ ಸೆಣಬು, ಪುಂಡಿ ಮೊದಲಾದವುಗಳ ಕಟ್ಟುಗಳನ್ನು ಕೆರೆಯಲ್ಲಿ ಮುಳುಗಿಸಿ, ಕೊಳೆಸಿ, ಅನಂತರ ನಾರು ಬಿಡಿಸುವ ಪದ್ಧತಿಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ಕೊಳೆಯದ ಕಡ್ಡಿಯಿಂದ ನಾರನ್ನು ಎಷ್ಟೇ ಎಳೆದರೂ ಅದು ಬರುವುದಿಲ್ಲ.

ಪ್ರಚಲಿತ ವಿಧಾನಗಳು

ಮೊದಲನೆಯದು ಕತ್ತರಿಸುವುದು ಮತ್ತು ಪುಡಿ ಮಾಡುವುದು. ಇದು ಎಲ್ಲಾ ವಿಧಾನಗಳಿಗೂ ಅಗತ್ಯ. ಆದರೆ ಇದೊಂದರಿಂದಲೇ ಕೆಲಸ ಸಾಧಿಸಬೇಕಾದರೆ ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕಾಗಿದ್ದು, ತಗಲುವ ವಿದ್ಯುತ್ತಿನ ವೆಚ್ಚವು ದೊರೆಯುವ ಸಕ್ಕರೆಯ ಬೆಲೆಯನ್ನು ಮೀರುತ್ತದೆ.

ಎರಡನೆಯದು ದುರ್ಬಲ ಆಮ್ಲದ ವಿಧಾನ. ನೀರಿನಲ್ಲಿ ಶೇ. 0.5 ರಿಂದ 2 ರಷ್ಟು ಗಂಧಕಾಮ್ಲ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಸುಮಾರು 140 ರಿಂದ 190 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ನಿಮಿಷಗಳ ಕಾಲ ಬೇಯಿಸಲಾಗುತ್ತದೆ. ಹೆಮಿಸೆಲ್ಯುಲೋಸ್ ಕರಗಿ ದ್ರವಕ್ಕೆ ಬರುತ್ತದೆ. ಉಳಿದ ಗಟ್ಟಿ ಭಾಗದಲ್ಲಿ ರಂಧ್ರಗಳುಂಟಾಗಿ ಕಿಣ್ವಗಳಿಗೆ ದಾರಿಯಾಗುತ್ತದೆ. ಆಮ್ಲದಿಂದ ನಾರನ್ನು ಸಕ್ಕರೆಯಾಗಿಸುವುದು ಬಹಳ ಹಳೆಯ ಅರಿವು: 1819 ರಲ್ಲಿಯೇ ಫ್ರಾನ್ಸಿನ ರಸಾಯನತಜ್ಞ ಬ್ರಾಕೊನೊ ಅವರು ಹಳೆಯ ಬಟ್ಟೆಯ ಚಿಂದಿಗಳಿಂದ ಗಂಧಕಾಮ್ಲದ ನೆರವಿನಿಂದ ಸಕ್ಕರೆ ಪಡೆದಿದ್ದರು. ತೊಡಕಿರುವುದು ಬಿಸಿ ಆಮ್ಲವು ಸಾಧಾರಣ ಉಕ್ಕನ್ನು ತಿನ್ನುತ್ತದೆ ಎಂಬಲ್ಲಿ. ಆದ್ದರಿಂದ ದುಬಾರಿ ಮಿಶ್ರಲೋಹದ ಪಾತ್ರೆಗಳು ಬೇಕಾಗುತ್ತವೆ. ಕೊನೆಯಲ್ಲಿ ಆಮ್ಲವನ್ನು ಸುಣ್ಣದಿಂದ ಶಮನಗೊಳಿಸಿದಾಗ ಉಳಿಯುವ ಜಿಪ್ಸಂ ವಿಲೇವಾರಿಯನ್ನೂ ಮಾಡಬೇಕಾಗುತ್ತದೆ.

ಮೂರನೆಯದು ಹಬೆ ಸ್ಫೋಟ ವಿಧಾನ. ಹುಲ್ಲನ್ನು ಅಧಿಕ ಒತ್ತಡದ ಹಬೆಯಲ್ಲಿ, ಸಾಮಾನ್ಯವಾಗಿ 160 ಡಿಗ್ರಿಗಿಂತ ಮೇಲ್ಪಟ್ಟ ಉಷ್ಣತೆಯಲ್ಲಿ ಕೆಲವು ನಿಮಿಷ ಇರಿಸಿ, ಒತ್ತಡವನ್ನು ಒಮ್ಮೆಲೆ ಬಿಡಲಾಗುತ್ತದೆ. ನಾರಿನೊಳಗಿನ ನೀರು ತಕ್ಷಣ ಹಬೆಯಾಗಿ ಹಿಗ್ಗಿ, ಜೋಳ ಅರಳಾಗುವಂತೆ, ನಾರು ಒಳಗಿನಿಂದಲೇ ಸಿಡಿದು ಬಿಚ್ಚಿಕೊಳ್ಳುತ್ತದೆ. ರಾಸಾಯನಿಕಗಳ ಬಳಕೆ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂಬುದು ಇದರ ಅನುಕೂಲ. ಅನೇಕ ದೊಡ್ಡ ಘಟಕಗಳಲ್ಲಿ ದುರ್ಬಲ ಆಮ್ಲ ಮತ್ತು ಹಬೆ ಎರಡನ್ನೂ ಒಟ್ಟಾಗಿ ಬಳಸಲಾಗುತ್ತದೆ.

ಕ್ಷಾರ ವಿಧಾನದಲ್ಲಿ ಕಾಸ್ಟಿಕ್ ಸೋಡಾ ಅಥವಾ ಸುಣ್ಣವನ್ನು ಬಳಸಿ ಲಿಗ್ನಿನ್ ಅನ್ನು ಕರಗಿಸಿ ತೆಗೆಯಲಾಗುತ್ತದೆ. ಇದು ಕಾಗದದ ಕಾರ್ಖಾನೆಯಲ್ಲಿ ತಿರುಳು ತಯಾರಿಸುವ ಕ್ರಮವನ್ನು ಹೋಲುತ್ತದೆ. ಅಲ್ಲಿಯಂತೆಯೇ ಇಲ್ಲಿಯೂ ಕಪ್ಪು ದ್ರಾವಣವೊಂದು ಹೊರಬರುತ್ತದೆ. ಭತ್ತದ ಹುಲ್ಲಿನಲ್ಲಿರುವ ಸಿಲಿಕಾ ಸಹ ಕ್ಷಾರದಲ್ಲಿ ಕರಗಿ ಈ ದ್ರಾವಣಕ್ಕೆ ಸೇರುವುದರಿಂದ ಅದರಿಂದ ರಾಸಾಯನಿಕವನ್ನು ಮರಳಿ ಪಡೆಯುವುದು ಕಷ್ಟವಾಗುತ್ತದೆ. ಅಮೋನಿಯಾ ಬಳಸುವ ವಿಧಾನಗಳೂ, ಸಾವಯವ ದ್ರಾವಕಗಳನ್ನು ಬಳಸುವ ವಿಧಾನಗಳೂ ಇವೆ.

ಜೈವಿಕ ವಿಧಾನವು ರಾಜ್ಯದ ಅಣಬೆ ಬೆಳೆಗಾರರಿಗೆ, ಹೆಸರು ಗೊತ್ತಿಲ್ಲದಿದ್ದರೂ, ಕೈಬಳಕೆಯಲ್ಲಿದೆ. ಭತ್ತದ ಹುಲ್ಲಿನ ಮೇಲೆ ಬೆಳೆಯುವ ಚಿಪ್ಪು ಅಣಬೆಯು ಲಿಗ್ನಿನ್ ಅನ್ನು ಒಡೆಯಬಲ್ಲ ಕೆಲವೇ ಜೀವಿಗಳ ಗುಂಪಿಗೆ ಸೇರಿದ್ದು, ಅಣಬೆ ಕೊಯ್ಲಾದ ನಂತರದ ಹುಲ್ಲು ಮೊದಲಿಗಿಂತ ಮೆದುವಾಗಿರುತ್ತದೆ. ಬೆಂಕಿ ಬೇಡ, ಆಮ್ಲ ಬೇಡ. ಆದರೆ ವಾರಗಟ್ಟಲೆ ಸಮಯ ಹಿಡಿಯುತ್ತದೆ ಮತ್ತು ಅಣಬೆಯು ತನ್ನ ಆಹಾರಕ್ಕಾಗಿ ಸಕ್ಕರೆ ಅಂಶದ ಒಂದು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ದಿನಕ್ಕೆ ನೂರಾರು ಟನ್ ಹುಲ್ಲು ಬೇಡುವ ಕಾರ್ಖಾನೆಗೆ ಇದು ಒದಗುವುದಿಲ್ಲ.

ಅತಿಯಾದರೆ ಆಗುವ ಹಾನಿ

ಪೂರ್ವಸಂಸ್ಕರಣೆ ಕಡಿಮೆಯಾದರೆ ಸಕ್ಕರೆ ಬಿಡುವುದಿಲ್ಲ. ಹೆಚ್ಚಾದರೆ ಬಿಟ್ಟ ಸಕ್ಕರೆಯೇ ಸುಟ್ಟುಹೋಗುತ್ತದೆ. ಅಧಿಕ ಶಾಖ ಮತ್ತು ಆಮ್ಲದಲ್ಲಿ ಕ್ಸೈಲೋಸ್ ಸಕ್ಕರೆಯು ಫರ್ಫ್ಯೂರಲ್ ಎಂಬ ಪದಾರ್ಥವಾಗಿ ಮಾರ್ಪಡುತ್ತದೆ. ಗ್ಲೂಕೋಸ್‌ನಿಂದಲೂ ಇದೇ ಬಗೆಯ ಮತ್ತೊಂದು ಪದಾರ್ಥ ಉಂಟಾಗುತ್ತದೆ. ಹೆಮಿಸೆಲ್ಯುಲೋಸ್‌ನಿಂದ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿ, ಬಿಡುಗಡೆಯಾಗುತ್ತದೆ. ಇವೆಲ್ಲವೂ ಯೀಸ್ಟ್‌ಗೆ ವಿಷಕಾರಿ. ಹೀಗೆ ನಷ್ಟವು ಎರಡು ಬಾರಿ ಆಗುತ್ತದೆ: ಸಕ್ಕರೆಯೂ ಹೋಯಿತು, ಉಳಿದ ಸಕ್ಕರೆಯನ್ನು ಹುದುಗಿಸುವ ಯೀಸ್ಟ್ ಸಹ ಕುಂದಿತು. ಕೆಲವು ನಿಮಿಷ ಅಥವಾ ಕೆಲವು ಡಿಗ್ರಿಗಳ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇದಲ್ಲದೆ ಸಾಮಾನ್ಯ ಯೀಸ್ಟ್ ಗ್ಲೂಕೋಸ್ ಅನ್ನು ಮಾತ್ರ ಹುದುಗಿಸುತ್ತದೆ. ಕ್ಸೈಲೋಸ್ ಅನ್ನು ಹುದುಗಿಸಲು ವಿಶೇಷವಾಗಿ ಅಭಿವೃದ್ಧಿಪಡಿಸಿದ ತಳಿ ಬೇಕಾಗುತ್ತದೆ.

ಫರ್ಫ್ಯೂರಲ್‌ಗೆ ಕೈಗಾರಿಕೆಗಳಲ್ಲಿ ಬೇಡಿಕೆಯೂ ಇದೆ ಎಂಬುದನ್ನು ಇಲ್ಲಿಯೇ ಹೇಳಬಹುದು. ಅಸ್ಸಾಂ ರಾಜ್ಯದ ನುಮಾಲಿಗಢದಲ್ಲಿ 2025 ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡ ಬಿದಿರು ಆಧಾರಿತ ಘಟಕದಲ್ಲಿ ಎಥನಾಲ್ ಜೊತೆಗೆ ಫರ್ಫ್ಯೂರಲ್ ಮತ್ತು ಅಸಿಟಿಕ್ ಆಮ್ಲವನ್ನು ಮಾರಾಟದ ಉತ್ಪನ್ನಗಳನ್ನಾಗಿಯೇ ಯೋಜಿಸಲಾಗಿದೆ.

ಲೆಕ್ಕಾಚಾರದ ಒಂದು ಉದಾಹರಣೆ

ಶೇ. 36 ರಷ್ಟು ಸೆಲ್ಯುಲೋಸ್ ಇರುವ 1 ಟನ್ ಸಂಪೂರ್ಣ ಒಣ ಹುಲ್ಲನ್ನು ತೆಗೆದುಕೊಂಡರೆ ಅದರಲ್ಲಿ 360 ಕಿ.ಗ್ರಾಂ. ಸೆಲ್ಯುಲೋಸ್ ಇರುತ್ತದೆ. ಕೊಂಡಿ ಕಳಚುವಾಗ ನೀರಿನ ಅಂಶ ಸೇರುವುದರಿಂದ ಇದು ಪೂರ್ತಿಯಾಗಿ ಪರಿವರ್ತನೆಯಾದಲ್ಲಿ ಸುಮಾರು 400 ಕಿ.ಗ್ರಾಂ. ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್‌ನ ತೂಕದಲ್ಲಿ ಗರಿಷ್ಠ ಶೇ. 51 ರಷ್ಟು ಮಾತ್ರ ಎಥನಾಲ್ ಆಗಬಲ್ಲದು. ಉಳಿದದ್ದು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೋಗುತ್ತದೆ. ಅಂದರೆ ಸುಮಾರು 204 ಕಿ.ಗ್ರಾಂ., ಅಥವಾ ಅಂದಾಜು 260 ಲೀಟರ್ ಎಥನಾಲ್. ಇದು ಗ್ಲೂಕೋಸ್‌ಗೆ ಸಂಬಂಧಿಸಿದಂತೆ ಕಾಗದದ ಮೇಲಿನ ಮೇಲ್ಮಿತಿ. ಪೂರ್ವಸಂಸ್ಕರಣೆಯು ಅರ್ಧದಷ್ಟು ಸೆಲ್ಯುಲೋಸ್ ಅನ್ನು ಮಾತ್ರ ತೆರೆದಿಟ್ಟರೆ ಅದು 130 ಲೀಟರ್‌ಗೆ ಇಳಿಯುತ್ತದೆ. ಹುಲ್ಲಿನ ಬೆಲೆ, ಸಾಗಾಣಿಕೆ, ಹಬೆ, ಕಿಣ್ವ ಇವುಗಳ ವೆಚ್ಚ ಮಾತ್ರ ಅಷ್ಟೇ ಉಳಿಯುತ್ತದೆ.

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸ್ಥಾಪಿಸಿ, 2022 ರ ಆಗಸ್ಟ್ 10 ರಂದು ಲೋಕಾರ್ಪಣೆಗೊಂಡ ಘಟಕವನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತಯಾರಿಸಲು ಯೋಜಿಸಲಾಗಿದೆ. ಅಂದರೆ ಟನ್ನಿಗೆ 150 ಲೀಟರ್. ಖರೀದಿಸಿದ ಹುಲ್ಲಿನಲ್ಲಿ ತೇವಾಂಶವೂ ಬೂದಿಯೂ ಸೇರಿರುತ್ತವೆ ಎಂಬುದನ್ನು ಗಮನದಲ್ಲಿಟ್ಟು ನೋಡಿದರೆ ಇದು ಸಮಂಜಸವಾದ ಗುರಿಯಾಗಿದೆ. 900 ಕೋಟಿ ರೂಪಾಯಿಗೂ ಮೀರಿದ ವೆಚ್ಚದ ಈ ಘಟಕದ ಗುರಿಯೇ ಹೀಗಿರುವಾಗ, ಟನ್ನಿಗೆ 300 ಲೀಟರ್ ಕೊಡುವುದಾಗಿ ಭರವಸೆ ನೀಡುವ ಯಂತ್ರ ಮಾರಾಟಗಾರರ ಲೆಕ್ಕವನ್ನು ಅರ್ಜಿದಾರರು ಎಚ್ಚರಿಕೆಯಿಂದ ಪರಿಶೀಲಿಸತಕ್ಕದ್ದು.

ದೊಡ್ಡ ಘಟಕಗಳ ಅನುಭವ

ಅಮೆರಿಕದ ಅಯೋವಾ ರಾಜ್ಯದ ಎಮ್ಮೆಟ್ಸ್‌ಬರ್ಗ್‌ನಲ್ಲಿ ಮೆಕ್ಕೆಜೋಳದ ಉಳಿಕೆಯಿಂದ ಎಥನಾಲ್ ತಯಾರಿಸುವ ಘಟಕವೊಂದು 2014 ರಲ್ಲಿ ಆರಂಭವಾಯಿತು. ಪೂರ್ವಸಂಸ್ಕರಣೆಯ ಹಂತದ ಅಡಚಣೆ ನಿವಾರಣೆಯಾಯಿತೆಂದು ಅದರ ನಿರ್ವಾಹಕರು ಪ್ರಕಟಿಸಿದ್ದು 2017 ರಲ್ಲಿ. 2019 ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ನಿಲ್ಲಿಸಲಾಯಿತು. ಅದೇ ರಾಜ್ಯದ ನೆವಾಡ ಎಂಬ ಊರಿನಲ್ಲಿ 2015 ರಲ್ಲಿ ತೆರೆದ ಮತ್ತೊಂದು ಘಟಕವು 2017 ರಲ್ಲಿ ಮುಚ್ಚಿತು. ರೊಮೇನಿಯಾ ದೇಶದ ಪೊಡಾರಿಯಲ್ಲಿ 2021 ರಲ್ಲಿ ಸಿದ್ಧವಾದ, ಗೋಧಿ ಮುಂತಾದವುಗಳ ಹುಲ್ಲು ಬಳಸುವ ಘಟಕವನ್ನು 2023 ರ ಕೊನೆಯಲ್ಲಿ ಮುಚ್ಚುವ ನಿರ್ಧಾರವಾಯಿತು. ಇವೆಲ್ಲವೂ ಹಣ, ತಂತ್ರಜ್ಞರು ಎರಡಕ್ಕೂ ಕೊರತೆಯಿಲ್ಲದ ಸಂಸ್ಥೆಗಳ ಘಟಕಗಳು.

ಪ್ರಯೋಗಾಲಯದಲ್ಲಿ ತೊಳೆದು, ಒಣಗಿಸಿ, ಸಮನಾಗಿ ಕತ್ತರಿಸಿದ ಹುಲ್ಲನ್ನು ಬಳಸಲಾಗುತ್ತದೆ. ಹೊಲದಿಂದ ಬರುವ ಹುಲ್ಲಿನ ಕಟ್ಟಿನಲ್ಲಿ ಮಣ್ಣು, ಕಲ್ಲು, ಹಗ್ಗ, ಒದ್ದೆ ಭಾಗ ಎಲ್ಲವೂ ಇರುತ್ತವೆ. ಮಣ್ಣು ಮತ್ತು ಸಿಲಿಕಾ ತಿರುಪುಗಳನ್ನೂ ಕವಾಟಗಳನ್ನೂ ಸವೆಸುತ್ತವೆ. ಒದ್ದೆ ಹುಲ್ಲು ಒತ್ತಡದ ಪಾತ್ರೆಯ ಬಾಯಿಯಲ್ಲಿ ಗಂಟುಕಟ್ಟಿ ನಿಲ್ಲುತ್ತದೆ. ಹುಲ್ಲನ್ನು ಹಗಲಿರುಳು ಒಂದೇ ಸಮನೆ ಅಧಿಕ ಒತ್ತಡದ ಪಾತ್ರೆಯೊಳಕ್ಕೆ ತಳ್ಳುವ ಕೆಲಸವು ಹೇಳುವುದಕ್ಕೆ ಸುಲಭ. ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಈ ಕೆಲಸವೇ ಘಟಕಗಳನ್ನು ಪದೇ ಪದೇ ನಿಲ್ಲಿಸುವಂತಹದು.

ಇದು ತ್ಯಾಜ್ಯವೇ?

ದನಕರುಗಳಿರುವ ಮನೆಯಲ್ಲಿ ಭತ್ತದ ಹುಲ್ಲು ಎಂದೂ ತ್ಯಾಜ್ಯವಲ್ಲ. 2023 ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅಂತಹ ವರ್ಷದಲ್ಲಿ ಬಣವೆಯ ಹುಲ್ಲಿಗೆ ಎಥನಾಲ್ ಘಟಕಕ್ಕಿಂತ ಮೊದಲು ಹಟ್ಟಿಯ ಹಕ್ಕಿರುತ್ತದೆ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ತಮ್ಮ ಬಾಯ್ಲರ್‌ಗಳಲ್ಲಿ ಉರಿಸಿ ಹಬೆ ಮತ್ತು ವಿದ್ಯುತ್ ಪಡೆಯುತ್ತಿವೆ. ಗದ್ದೆಯಲ್ಲಿ ಸುಡುವ ಕಬ್ಬಿನ ರವದಿ, ಮೇವಿಗೆ ಬಾರದ ಹತ್ತಿ ಕಟ್ಟಿಗೆ, ಹಾಗೂ ತುಂಗಭದ್ರಾ ಅಚ್ಚುಕಟ್ಟಿನಂತಹ ಪ್ರದೇಶಗಳಲ್ಲಿ ಯಂತ್ರ ಕಟಾವಿನ ನಂತರ ಮೇವಿನ ಅಗತ್ಯ ಮೀರಿ ಉಳಿಯುವ ಹುಲ್ಲು ಇವುಗಳ ಲೆಕ್ಕವೇ ಬೇರೆ. ರವದಿಯನ್ನು ಸಹ ಪೂರ್ತಿಯಾಗಿ ಎತ್ತದೆ ಒಂದು ಪಾಲನ್ನು ಹೊದಿಕೆಯಾಗಿ ಹೊಲದಲ್ಲಿಯೇ ಬಿಟ್ಟರೆ ತೇವ ಉಳಿಯುತ್ತದೆ, ಮಣ್ಣಿಗೆ ಸಾವಯವ ಅಂಶ ಸೇರುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಣ್ಣ ರೈತರ ಮಟ್ಟದಲ್ಲಿ ಕೈಗೊಳ್ಳಬಹುದಾದ ಪೂರ್ವಸಂಸ್ಕರಣೆಯೊಂದು ಪಶುಸಂಗೋಪನೆಯಲ್ಲಿ ಈಗಾಗಲೇ ಪ್ರಚಾರದಲ್ಲಿದೆ. 100 ಕಿ.ಗ್ರಾಂ. ಒಣ ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಸಿಂಪಡಿಸಿ, ತುಳಿದು, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಡುವುದೇ ಆ ಕ್ರಮ. ಯೂರಿಯಾದಿಂದ ಬಿಡುಗಡೆಯಾಗುವ ಅಮೋನಿಯಾ ಹುಲ್ಲಿನ ಬಿಗಿತವನ್ನು ಸಡಿಲಿಸುತ್ತದೆ. ಅನಂತರದ ಕೆಲಸವನ್ನು ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಪೂರೈಸುತ್ತವೆ. ಕಾರ್ಖಾನೆಯಲ್ಲಿ ಆಮ್ಲ, ಹಬೆ, ಕಿಣ್ವಗಳಿಂದ ಸಾಧಿಸುವುದನ್ನೇ ಇಲ್ಲಿ ನಿಧಾನವಾಗಿ, ಕಡಿಮೆ ಖರ್ಚಿನಲ್ಲಿ ಸಾಧಿಸಿದಂತಾಗುತ್ತದೆ. ಯೂರಿಯಾ ನೀರನ್ನು ಜಾನುವಾರುಗಳು ಕುಡಿದರೆ ಪ್ರಾಣಾಪಾಯವಿದ್ದು, ಉಪಚರಿಸಿದ ಹುಲ್ಲನ್ನು ಆರು ತಿಂಗಳೊಳಗಿನ ಕರುಗಳಿಗೆ ನೀಡಬಾರದು. ಸ್ಥಳೀಯ ಪಶುವೈದ್ಯರ ಸಲಹೆ ಪಡೆದೇ ಈ ಕ್ರಮವನ್ನು ಅನುಸರಿಸತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಜೀವನ್ ಯೋಜನೆಯನ್ನು 2019 ರಲ್ಲಿ 1969.50 ಕೋಟಿ ರೂಪಾಯಿಗಳ ಅಂದಾಜಿನೊಂದಿಗೆ ಜಾರಿಗೆ ತರಲಾಗಿದ್ದು, 2024 ರಲ್ಲಿ ತಿದ್ದುಪಡಿ ಮಾಡಿ 2028-29 ರವರೆಗೆ ವಿಸ್ತರಿಸಲಾಗಿದೆ. ಇದು ಘಟಕ ಸ್ಥಾಪಿಸುವ ಸಂಸ್ಥೆಗಳಿಗೆ ನೀಡುವ ಆರ್ಥಿಕ ನೆರವು. ವೈಯಕ್ತಿಕವಾಗಿ ರೈತರಿಗೆ ಸಹಾಯಧನ ನೀಡುವ ಯೋಜನೆಯಲ್ಲ. ಹುಲ್ಲು ಮಾರುವವರು ಈ ಯೋಜನೆಗೆ ಅರ್ಜಿ ಹಾಕಬೇಕಾಗಿಲ್ಲ, ಹಾಕಿಸಿಕೊಡುವುದಾಗಿ ಹೇಳುವವರಿಗೆ ಶುಲ್ಕ ನೀಡುವ ಅಗತ್ಯವೂ ಇಲ್ಲ.

ಅಧಿಕ ಒತ್ತಡದ ಹಬೆ ಮತ್ತು ಆಮ್ಲಗಳನ್ನು ಬಳಸುವ ಪೂರ್ವಸಂಸ್ಕರಣೆಯು ಮನೆ ಅಥವಾ ಕಣದಲ್ಲಿ ನಡೆಸುವ ಕೆಲಸವಲ್ಲ. ಇಂತಹ ಘಟಕಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ಮತ್ತು ಕಾರ್ಯಾಚರಣೆ ಸಮ್ಮತಿ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಅನುಮತಿ, ಎಥನಾಲ್ ತಯಾರಿಸುವುದಾದಲ್ಲಿ ಅಬಕಾರಿ ಇಲಾಖೆಯ ಪರವಾನಗಿ ಅಗತ್ಯವಿರುತ್ತದೆ. ಬಂಡವಾಳದ ಪ್ರಮಾಣವನ್ನು ಅನುಸರಿಸಿ ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಕರ್ನಾಟಕ ಉದ್ಯೋಗ ಮಿತ್ರದ ಮೂಲಕ ಏಕಗವಾಕ್ಷಿ ಪದ್ಧತಿಯಲ್ಲಿ ಪ್ರಸ್ತಾವ ಸಲ್ಲಿಸಬಹುದಾಗಿದೆ.

ಉದ್ಯಮಿಗಳು ವಿಸ್ತೃತ ಯೋಜನಾ ವರದಿಯಲ್ಲಿ, ತಾವು ಬಳಸಲಿರುವ ಪ್ರದೇಶದ ಉಳಿಕೆಯನ್ನೇ ಪರೀಕ್ಷಿಸಿದ ವಿಶ್ಲೇಷಣೆಯನ್ನು ಲಗತ್ತಿಸುವುದು ಉತ್ತಮ. ಬೇರೆ ದೇಶದ ಗೋಧಿ ಹುಲ್ಲಿನ ಅಂಕಿಗಳಿಂದ ಸಿಂಧನೂರಿನ ಭತ್ತದ ಹುಲ್ಲಿನ ಬಗ್ಗೆ ಏನನ್ನೂ ನಿರ್ಧರಿಸಲಾಗದು. ಆಯ್ದುಕೊಂಡ ವಿಧಾನಕ್ಕೆ ಬೇಕಾಗುವ ನೀರು, ಹೊರಬರುವ ದ್ರವದ ಪ್ರಮಾಣ ಮತ್ತು ಅದರ ಶುದ್ಧೀಕರಣ, ಉಳಿಯುವ ಲಿಗ್ನಿನ್ ಅನ್ನು ಬಾಯ್ಲರ್‌ನಲ್ಲಿ ಉರಿಸಲಾಗುವುದೇ ಎಂಬ ವಿವರ, ಹಾಗೂ ಕ್ಸೈಲೋಸ್ ಸಕ್ಕರೆಯ ಬಳಕೆಯ ಬಗ್ಗೆ ಸ್ಪಷ್ಟ ಉತ್ತರ ಇರಬೇಕು.

ಪೂರೈಕೆದಾರರಾಗಲು ಇಚ್ಛಿಸುವ ರೈತ ಗುಂಪುಗಳ ಪಾಲಿನ ಪೂರ್ವಸಂಸ್ಕರಣೆ ಕಣದಲ್ಲಿಯೇ ಆರಂಭವಾಗುತ್ತದೆ. ಹುಲ್ಲನ್ನು ನೆಲಕ್ಕೆ ತಾಗದಂತೆ ಎತ್ತರದ ಜಾಗದಲ್ಲಿ ಒಟ್ಟಬೇಕು. ತೇವಾಂಶವು ಶೇ. 15 ರ ಒಳಗಿರಬೇಕು. ಒದ್ದೆ ಹುಲ್ಲಿನ ಬಣವೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುವುದಲ್ಲದೆ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಇರುತ್ತದೆ. ಹಗ್ಗ, ಪ್ಲಾಸ್ಟಿಕ್, ಮಣ್ಣು ಸೇರದಂತೆ ನೋಡಿಕೊಳ್ಳಬೇಕು. ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತೂಕವನ್ನು ಯಾವ ತೇವಾಂಶದ ಆಧಾರದಲ್ಲಿ ಲೆಕ್ಕ ಹಾಕಲಾಗುವುದು, ಮಣ್ಣಿನ ಅಂಶಕ್ಕಾಗಿ ಎಷ್ಟು ಕಡಿತ ಮಾಡಲಾಗುವುದು, ಘಟಕ ನಿಂತಿರುವ ದಿನಗಳಲ್ಲಿ ತಂದ ಹುಲ್ಲನ್ನು ಯಾರು ಇಟ್ಟುಕೊಳ್ಳುವರು ಎಂಬ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು.